ಅಜ್ಜಿ ಹಾಕಿದ ಎಲೆಗಳು: ಉಡುಪಿಯ ಒಂದು ಡುಶೆನ್ ಕುಟುಂಬದ ಪ್ರಕರಣ

ಈ ಪ್ರಕರಣ ಉಡುಪಿ ತಾಲೂಕಿನ ಒಂದು ಕುಟುಂಬದ್ದು. ಒಂದೇ ತಾಯಿಯ ಇಬ್ಬರು ಗಂಡುಮಕ್ಕಳು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆಯಿಂದ ತೀರಿಕೊಂಡರು. ದೊಡ್ಡವ 2014ರಲ್ಲಿ, 18ನೇ ವಯಸ್ಸಿಗೆ. ಚಿಕ್ಕವ 2022ರಲ್ಲಿ, 21ಕ್ಕೆ. ಇಬ್ಬರ ನಡುವೆ ಹುಟ್ಟಿದ ಅಕ್ಕ ಇದ್ದಾಳೆ. ನಾನು ಫಿಸಿಯೋಥೆರಪಿಸ್ಟ್. ಚಿಕ್ಕವನಿಗೆ ವ್ಯಾಯಾಮ ಮಾಡಿಸಲು ಆ ಮನೆಗೆ ಹೋಗುತ್ತಿದ್ದೆ. ಅವನು ಹೋದ ಮೇಲೂ ಹೋಗುವುದು ನಿಲ್ಲಲಿಲ್ಲ. ತಾಯಿ ಮತ್ತು ಮಗಳನ್ನು ಕೇಳಿ, ಅವರು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಆ ಮನೆಯವರು ಮಕ್ಕಳನ್ನು ಒಂದು ದಿನವೂ ಮರೆತವರಲ್ಲ. ಬೊಜ್ಜ (ಉತ್ತರಕ್ರಿಯೆ) ಮಾಡಿದರು, ವರ್ಷ ವರ್ಷ ಎಡೆ ಇಟ್ಟರು, ದೊಡ್ಡವನಿಗೆ ಕುಲೆ ಮದುವೆಯನ್ನೂ (ಸತ್ತವರಿಗೆ ಮಾಡುವ ಮದುವೆ) ಮಾಡಿಸಿದರು. ಆದರೆ ಮಕ್ಕಳನ್ನು ತೆಗೆದುಕೊಂಡು ಹೋದ ಕಾಯಿಲೆಯ ಹೆಸರನ್ನು ಮಾತ್ರ ಎಲ್ಲಿಯೂ ಎತ್ತಲಿಲ್ಲ. ಸತ್ತ ಮಕ್ಕಳ ನೆನಪಿನ ಜೊತೆ ಆ ಹೆಸರೂ ಮನೆಯಲ್ಲಿ ಉಳಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಈ ಪ್ರಕರಣವೇ ಹೇಳುತ್ತದೆ.

ಕಾಯಿಲೆ

ಡುಶೆನ್ ಸ್ನಾಯುಗಳ ಕಾಯಿಲೆ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3,500ರಿಂದ 5,000ಕ್ಕೆ ಒಬ್ಬರಿಗೆ ಬರುತ್ತದೆ. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಒಂದು ಜೀನ್ ಕೆಟ್ಟಿರುವುದೇ ಇದಕ್ಕೆ ಕಾರಣ. ಮನುಷ್ಯರ ಅತಿ ದೊಡ್ಡ ಜೀನ್‌ಗಳಲ್ಲಿ ಅದೂ ಒಂದು: 22 ಲಕ್ಷದಷ್ಟು ಅಕ್ಷರ, 79 ಎಕ್ಸಾನ್ (ಪ್ರೋಟೀನಿನ ಸೂಚನೆ ಇರುವ ತುಂಡುಗಳು). ಸೆಪ್ಟೆಂಬರ್ 7ನ್ನು (7/9) ವಿಶ್ವ ಡುಶೆನ್ ದಿನ ಎಂದು ಆರಿಸಿದ್ದು ಈ 79ರಿಂದಲೇ. ಈ ಜೀನ್ ತಯಾರಿಸುವ ಪ್ರೋಟೀನನ್ನು 1987ರಲ್ಲಿ ಬೋಸ್ಟನ್ನಿನ ಲೂಯಿ ಕುಂಕೆಲ್ ತಂಡ ಗುರುತಿಸಿ, ಡಿಸ್ಟ್ರೋಫಿನ್ ಎಂದು ಹೆಸರಿಟ್ಟಿತು. ಸ್ನಾಯುವಿನ ಒಳಗಿನ ಕಟ್ಟನ್ನು ಹೊರಗಿನ ಪೊರೆಗೆ ಬಿಗಿದು ಹಿಡಿಯುವುದು ಅದರ ಕೆಲಸ. ಅದು ಇಲ್ಲದಿದ್ದರೆ ಸ್ನಾಯು ಬಿಗಿಯಾದಾಗಲೆಲ್ಲ ಪೊರೆಗೆ ಪೆಟ್ಟು ಬೀಳುತ್ತದೆ. ಎಳೆಯ ಮಕ್ಕಳಲ್ಲಿ ದೇಹ ಅದನ್ನು ಹೇಗೋ ರಿಪೇರಿ ಮಾಡಿಕೊಳ್ಳುತ್ತದೆ. ಬರಬರುತ್ತಾ ಆಗುವುದಿಲ್ಲ. ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತದೆ.

ಹೆಂಗಸರಿಗೆ ಎರಡು ಎಕ್ಸ್ ಇರುತ್ತವೆ. ಒಂದು ಕೆಟ್ಟರೂ ಇನ್ನೊಂದು ಹೆಚ್ಚುಕಡಿಮೆ ನಿಭಾಯಿಸುತ್ತದೆ. ಗಂಡಸರಿಗೆ ಇರುವುದು ಒಂದೇ, ಅದೂ ತಾಯಿ ಕೊಟ್ಟದ್ದು. ಹಾಗಾಗಿ ತಾಯಿ ವಾಹಕಿಯಾಗಿದ್ದರೆ, ಅಂದರೆ ಅವಳ ಒಂದು ಎಕ್ಸ್‌ನಲ್ಲಿ ಕೆಟ್ಟ ಜೀನ್ ಇದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ತಾಯಿ ವಾಹಕಿಯೇ ಆಗಿರುವುದಿಲ್ಲ, ಜೀನ್ ಹೊಸದಾಗಿ ಕೆಟ್ಟಿರುತ್ತದೆ. ಈ ಮನೆಯಲ್ಲಿ ಹಾಗಲ್ಲ. ಇಲ್ಲಿ ಅದು ಹೆಂಗಸರ ಮೂಲಕ ಇಳಿದು ಬಂದದ್ದು.

ದೊಡ್ಡವ

ದೊಡ್ಡವ ಹುಟ್ಟಿದ್ದು 1996ರಲ್ಲಿ. ನಡೆಯಲು ತಡ ಮಾಡಿದ. ನಡೆದ ಮೇಲೆ ಬೀಳುವುದು ಜಾಸ್ತಿ. ಶಾಲೆಯಲ್ಲಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ, ತುದಿಗಾಲಲ್ಲಿ ನಡೆಯುತ್ತಿದ್ದ. ಮೀನಖಂಡ ಮಾತ್ರ ಗಟ್ಟಿಮುಟ್ಟು. ಅದನ್ನು ನೋಡಿ ಎಲ್ಲರೂ ಹೇಳಿದ್ದು ಒಂದೇ: "ಕಾಲು ನೋಡಿ, ಪೈಲ್ವಾನ್ ಹಾಗುಂಟು. ಉದಾಸೀನ ಅಷ್ಟೇ."

ಆರನೇ ವಯಸ್ಸಿಗೆ ಏನೋ ಜ್ವರ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಜಾಸ್ತಿ ಬಂದವು. ಲಿವರ್ ತೊಂದರೆ ಎಂದು ಚಿಕಿತ್ಸೆ ಶುರುವಾಯಿತು. ಜಾಂಡೀಸ್‌ಗೆ ನಾಟಿ ಮದ್ದು ಕೂಡ ಆಯಿತು. ಪಥ್ಯ, ಎಣ್ಣೆ ಬಿಡುವುದು, ಮೀನು ಬಿಡುವುದು. ಎರಡು ವರ್ಷ ಹೀಗೇ ಹೋಯಿತು. ಆ ಎರಡು ಕಿಣ್ವಗಳು ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಹಾಳಾಗುವಾಗ ಅವು ರಕ್ತಕ್ಕೆ ಸೋರುತ್ತವೆ. ಬೀಳುವ, ಎಡವುವ ಗಂಡುಮಗುವಿಗೆ ಈ ಅಂಕಿ ಜಾಸ್ತಿ ಬಂದರೆ ಜೊತೆಗೆ ಸಿಕೆ (ಕ್ರಿಯಾಟಿನ್ ಕೈನೇಸ್, ಸ್ನಾಯುವಿನ ಕಿಣ್ವ) ಎನ್ನುವ ಇನ್ನೊಂದು ಪರೀಕ್ಷೆ ಮಾಡಿಸಬೇಕು. ಖರ್ಚೂ ಹೆಚ್ಚಿಲ್ಲ. ಈ ಒಂದು ಮಾತನ್ನು ಓದುವವರು ನೆನಪಿಟ್ಟುಕೊಂಡರೆ ನನಗೆ ಸಾಕು.

ಎಂಟನೇ ವಯಸ್ಸಿಗೆ ಒಬ್ಬ ಮಕ್ಕಳ ಡಾಕ್ಟರು ಅವನನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳಿದರು. ಅವನು ಮೊದಲು ಮಗುಚಿ ನಾಲ್ಕು ಕಾಲಿನ ಮೇಲೆ ಬಂದ. ಆಮೇಲೆ ಸೊಂಟ ಎತ್ತಿದ. ಕೈಯನ್ನು ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಊರಿ, ತನ್ನ ಮೈಯನ್ನೇ ಹಿಡಿದು ಹತ್ತಿ ನಿಂತ. ಇದಕ್ಕೆ ವೈದ್ಯರು ಗೋವರ್ಸ್ ಲಕ್ಷಣ ಎನ್ನುತ್ತಾರೆ. ಡಾಕ್ಟರು ಮತ್ತೆ ಜಾಸ್ತಿ ಹೊತ್ತು ತೆಗೆದುಕೊಳ್ಳಲಿಲ್ಲ. ಇನ್ನೂರರ ಒಳಗಿರಬೇಕಾದ ಸಿಕೆ 14,000 ದಾಟಿತ್ತು.

ಅಷ್ಟರಲ್ಲಿ ಮನೆಯಲ್ಲಿ ಮೂರು ವರ್ಷದ ಇನ್ನೊಬ್ಬ ಗಂಡುಮಗ ಇದ್ದ.

ರಿಪೋರ್ಟ್ ಕೊಡುವಾಗ ಯಾರೋ ಕಾರಿಡಾರಿನಲ್ಲಿ ನಿಂತೇ ಹೇಳಿದರಂತೆ, "ಇದು ತಾಯಿ ಕಡೆಯಿಂದ ಬರುವ ಕಾಯಿಲೆ." ಇಷ್ಟೇ ಹೇಳಿದ್ದು. ಕೂರಿಸಿ ಬಿಡಿಸಿ ಹೇಳಲಿಲ್ಲ. ಆ ಒಂದು ವಾಕ್ಯ ಮನೆಗೆ ಬಂತು, ಗಂಡನ ಮನೆಯ ಜಗಲಿಯಲ್ಲಿ "ನಿಮ್ಮ ಕುಟುಂಬದ ದೋಷ" ಆಯಿತು. ತಾಯಿ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದರು. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು. ದೈವಕ್ಕೆ ಹರಕೆ ಹೇಳಿದರು. ಅವರು ಮಾಡಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಮಗು ಉಳಿಯಲಿ ಅಂತ ತಾಯಿ ಎಲ್ಲ ಬಾಗಿಲೂ ತಟ್ಟುತ್ತಾಳೆ. ಆದರೆ ಪಾಪ ತನ್ನದು ಅಂತ ಆಕೆ ಅಂದುಕೊಂಡದ್ದು ಮಾತ್ರ ನನಗೆ ಈಗಲೂ ಸಹಿಸಲು ಆಗುವುದಿಲ್ಲ. ಜೀನ್ ಕೆಡುವುದರಲ್ಲಿ ಯಾರ ತಪ್ಪೂ ಇಲ್ಲ. ಅದನ್ನು ಆಕೆಗೆ ಕೂರಿಸಿ ಹೇಳಿದ್ದು ತುಂಬಾ ವರ್ಷಗಳ ನಂತರ.

ದೊಡ್ಡವ ಹತ್ತಕ್ಕೆ ನಡೆಯುವುದು ನಿಲ್ಲಿಸಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ, ಶಾಲೆಯ ಮೆಟ್ಟಿಲು ಅವನನ್ನು ಬಿಡಿಸಿತು ಅನ್ನುವುದೇ ಸರಿ. ಮನೆಯಲ್ಲಿ ಕೂತು ಯಕ್ಷಗಾನದ ಪದ ಹಾಡುತ್ತಿದ್ದ. ಇಡೀ ಪ್ರಸಂಗ ಬಾಯಿಪಾಠ. ಅವನನ್ನು ನಾನು ನೋಡಿಲ್ಲ. ಅಕ್ಕಪಕ್ಕದವರು ಹೇಳಿದ್ದಷ್ಟೇ ಗೊತ್ತು.

ಚಿಕ್ಕವ

ಚಿಕ್ಕವನಿಗೆ ಅಣ್ಣನಿಂದ ಒಂದು ಲಾಭ ಆಯಿತು. ಮೂರು ವರ್ಷಕ್ಕೇ ಕಾಯಿಲೆ ಗೊತ್ತಾಯಿತು, ಐದಕ್ಕೆ ಸ್ಟೆರಾಯ್ಡ್ ಶುರುವಾಯಿತು. ಪ್ರೆಡ್ನಿಸೋಲೋನ್, ಡೆಫ್ಲಜಕಾರ್ಟ್‌ನಂಥ ಈ ಮಾತ್ರೆಗಳು ಕಾಯಿಲೆ ವಾಸಿ ಮಾಡುವುದಿಲ್ಲ, ನಡೆಯುವ ವರ್ಷಗಳನ್ನು ಹೆಚ್ಚಿಸುತ್ತವೆ. ಅಣ್ಣ ಹತ್ತಕ್ಕೆ ಕೂತ, ಇವನು ಹದಿಮೂರರವರೆಗೆ ನಡೆದ. ಬೆನ್ನೂ ಅಷ್ಟು ಬಾಗಲಿಲ್ಲ. ಮುಖ ಮಾತ್ರ ದುಂಡಗಾಯಿತು, ಎತ್ತರ ಬೆಳೆಯಲಿಲ್ಲ.

ಅವನು ಊರಿನ ಯುವಕ ಮಂಡಲದ ಕ್ರಿಕೆಟ್ ಸ್ಕೋರರ್. ಸುಗ್ಗಿ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಅಲ್ಲಿಯೇ ಅಂಡರ್‌ಆರ್ಮ್ ಟೂರ್ನಮೆಂಟ್. ಹುಡುಗರು ಗದ್ದೆಯ ಬದುವಿನ ಮೇಲೆ ಅವನನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗುತ್ತಿದ್ದರು. ಡುಶೆನ್‌ನಲ್ಲಿ ಭುಜ, ತೋಳು ಮೊದಲು ಸೋಲುತ್ತವೆ, ಬೆರಳು ಕೊನೆಯವರೆಗೂ ಕೆಲಸ ಮಾಡುತ್ತದೆ. ಬರೆಯಲು ಅವನಿಗೆ ಬರುತ್ತಿತ್ತು, ಕೈಯನ್ನು ಹಾಳೆಯ ಮೇಲೆ ಸರಿಸಲು ಬರುತ್ತಿರಲಿಲ್ಲ. ಅದಕ್ಕೆ ಪಕ್ಕದ ಮನೆಯ ಒಬ್ಬ ಹುಡುಗ ಪಕ್ಕದಲ್ಲಿ ಕೂರುತ್ತಿದ್ದ. ಒಂದು ಬಾಲ್ ಆದರೆ ಪುಸ್ತಕವನ್ನು ಒಂದು ಚೌಕದಷ್ಟು ಎಡಕ್ಕೆ ಎಳೆಯುವುದು ಅವನ ಕೆಲಸ. ಓವರ್ ಮುಗಿದರೆ ಮೇಲಕ್ಕೆ ಒಂದು ಸಾಲು. ಮಾತೇ ಇಲ್ಲ. ಚಿಕ್ಕವ ಪೆನ್ಸಿಲ್ ಎತ್ತಿದ ಅಂದರೆ ಇವನು ಎಳೆದ. ಆ ಪುಸ್ತಕಗಳು ಈಗ ತಾಯಿಯ ಹತ್ತಿರ ಇವೆ. ಚುಕ್ಕಿ, ನಾಲ್ಕು, ವಿಕೆಟ್ ಎಲ್ಲ ಒಂದೇ ಅಳತೆ. ಎಷ್ಟೋ ಗಟ್ಟಿ ಕೈಯವರು ಅಷ್ಟು ಚಂದ ಬರೆಯಲಿಕ್ಕಿಲ್ಲ.

ಇನ್ನೊಂದು ಉಳಿದದ್ದು ಅವನ ಧ್ವನಿ. ಮ್ಯಾಚ್ ಮುಗಿದ ಮೇಲೆ ಹುಡುಗರ ವಾಟ್ಸಾಪ್ ಗ್ರೂಪಿಗೆ ಪಂದ್ಯದ ವರದಿಯನ್ನು ತುಳುವಿನಲ್ಲಿ ಹೇಳಿ ಕಳಿಸುತ್ತಿದ್ದ. ತಾಯಿ ಅವನ್ನೆಲ್ಲ ಸೇವ್ ಮಾಡಿಟ್ಟಿದ್ದಾರೆ. ಒಮ್ಮೆ ನನಗೂ ಕೇಳಿಸಿದರು. 2018ರದ್ದರಲ್ಲಿ ಒಂದು ಉದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳುತ್ತಾನೆ. 2021ರದ್ದರಲ್ಲಿ ಮೂರು ಶಬ್ದಕ್ಕೊಮ್ಮೆ ನಿಲ್ಲುತ್ತಾನೆ. ತಾಯಿ ಕೇಳುವುದು ಮಗನ ನಗುವನ್ನು. ನನ್ನ ಕಿವಿಗೆ ಬೀಳುವುದು ಉಸಿರು. ಎದೆಯ ಸ್ನಾಯು ಸೋತದ್ದು ಆ ಧ್ವನಿಯಲ್ಲೇ ಗೊತ್ತಾಗುತ್ತದೆ. ಒಂದೇ ಉಸಿರಿಗೆ ಎಷ್ಟರವರೆಗೆ ಎಣಿಸುತ್ತಾನೆ ಅಂತ ನಾವೂ ನೋಡುವುದುಂಟು.

ಉಸಿರಿನ ತೊಂದರೆ ಮೊದಲು ಕಾಣಿಸುವುದು ರಾತ್ರಿ ನಿದ್ದೆಯಲ್ಲಿ. ಬೆಳಿಗ್ಗೆ ತಲೆನೋವು, ಹಸಿವಿಲ್ಲ, ಹಗಲು ತೂಕಡಿಕೆ, ರಾತ್ರಿ ಮತ್ತೆ ಮತ್ತೆ "ಮಗ್ಗುಲು ಬದಲಿಸು" ಅನ್ನುವುದು. ದೊಡ್ಡವನಿಗೆ ಇದೆಲ್ಲ ಇತ್ತು. ಪಿತ್ತ ಅಂತ ಕಷಾಯ ಕೊಟ್ಟರು. ಚಿಕ್ಕವನಿಗೆ ಬೈಪ್ಯಾಪ್ ಮೆಷಿನ್ ಬಂತು, ಮುಖಕ್ಕೆ ಮಾಸ್ಕ್ ಹಾಕಿ ರಾತ್ರಿ ಉಸಿರಿಗೆ ಒತ್ತಾಸೆ ಕೊಡುವಂಥದ್ದು. ಮೊದಲ ವಾರ ಬೇಡವೇ ಬೇಡ ಅಂದ. ಆಮೇಲೆ ತಲೆನೋವು ಹೋಯಿತು, ಮಾಸ್ಕ್ ಅವನೇ ಕೇಳಿ ಹಾಕಿಸಿಕೊಳ್ಳತೊಡಗಿದ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮನೆಮಂದಿಗೆ ಎದೆ ಡವಡವ. ಇನ್ವರ್ಟರ್ ಹಾಕಿಸಿದ್ದು ಮಾವ, ತಾಯಿಯ ತಮ್ಮ.

ಕೊನೆಗೆ ಹೃದಯ ಕೈಕೊಟ್ಟಿತು. ಹೃದಯವೂ ಸ್ನಾಯುವೇ ಅಲ್ವಾ.

ಹೇಳದೆ ಉಳಿದ ಹೆಸರು

ಪೇಪರಿನಲ್ಲಿ ನಿಧನದ ಸುದ್ದಿ ಬಂತು. "ಅಲ್ಪಕಾಲದ ಅಸೌಖ್ಯದಿಂದ" ಎಂದಿತ್ತು. ನಮ್ಮ ಕಡೆ ಎಲ್ಲರಿಗೂ ಹಾಕುವ ಮಾತು ಅದು. ಅಕ್ಕ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾಳೆ. ನನಗೆ ತೋರಿಸಿ ಹೇಳಿದಳು, "ಇಪ್ಪತ್ತೊಂದು ವರ್ಷ ಅವನು ಅನುಭವಿಸಿದ್ದಕ್ಕೆ ಅಲ್ಪಕಾಲ ಅಂತೆ."

ಹಾಗೆ ಹಾಕಿಸಿದ್ದು ಮಾವ. ಅವರನ್ನು ಕೆಟ್ಟವರು ಅಂತ ಓದಬೇಡಿ. ದೊಡ್ಡವನನ್ನು ಹೆಗಲ ಮೇಲೆ ಕೂರಿಸಿ ರಾತ್ರಿಯಿಡೀ ಯಕ್ಷಗಾನದ ಆಟ ತೋರಿಸಿದವರು ಅವರು. ಆಸ್ಪತ್ರೆಯ ಬಿಲ್ಲು ಅರ್ಧ ಕಟ್ಟಿದವರೂ ಅವರೇ. ಅವರಿಗೆ ಇದ್ದದ್ದು ಒಂದೇ ಹೆದರಿಕೆ: ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಹೆಸರು ಹೊರಗೆ ಬಿದ್ದರೆ ಸಂಬಂಧ ಕೂಡಿ ಬರುವುದಿಲ್ಲ. ಹೆದರಿಕೆ ಸುಳ್ಳಲ್ಲ. ಒಂದು ಸಂಬಂಧ ಮಾತುಕತೆಯವರೆಗೆ ಬಂದು, ಮನೆಯ ಇಬ್ಬರು ಹುಡುಗರು ಹೋದದ್ದು ಹೇಗೆ ಅಂತ ವಿಚಾರಿಸಿ, ಹಿಂದೆ ಹೋಗಿತ್ತು.

2017ರ ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ದೊಡ್ಡವನಿಗೆ ಕುಲೆ ಮದುವೆ ಮಾಡಿಸಿದರು. ಮದುವೆಯಾಗದೆ ತೀರಿಕೊಂಡವರಿಗೆ ತುಳುನಾಡಿನಲ್ಲಿ ಮಾಡುವ ಮದುವೆ ಇದು. ಹಾಗೆಯೇ ತೀರಿಕೊಂಡ ಹೆಣ್ಣನ್ನು ಹುಡುಕಬೇಕು. ಬಳಿ, ಅಂದರೆ ಕುಲ, ಬೇರೆ ಇರಬೇಕು. ಧಾರೆ ಸೀರೆ, ಕರಿಮಣಿ, ಪಂಚೆ, ಶಲ್ಯ ಎಲ್ಲ ಉಂಟು. ಬಂದವರಿಗೆ ಊಟ ಉಂಟು. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ನಾನು ಇದರಲ್ಲಿ ಕಾಣುವುದು, ಚಿಕ್ಕ ವಯಸ್ಸಿಗೆ ಹೋದವರಿಗೂ ಕುಟುಂಬದಲ್ಲಿ ಒಂದು ಪೂರ್ತಿ ಜಾಗ ಕೊಡುವ ಅಕ್ಕರೆ. ಹೆಣ್ಣಿನ ಕಡೆಯವರು ಕೇಳಿದರಂತೆ, "ಹುಡುಗ ಹೋದದ್ದು ಎಂತದರಲ್ಲಿ?" ಮಾವ "ಜ್ವರ" ಅಂದರು. ಸತ್ತವರ ಮದುವೆಯಲ್ಲೂ ಹೆಸರು ಹೇಳಲು ಧೈರ್ಯ ಬರಲಿಲ್ಲ.

ಅಕ್ಕನಿಗೂ ಯಾರೂ ಸರಿಯಾಗಿ ಹೇಳಿರಲಿಲ್ಲ. ಅವಳು ಮೊಬೈಲಿನಲ್ಲಿ ಹುಡುಕಿ, ತಾನು ವಾಹಕಿ ಆಗಿರಬಹುದು ಅಂತ ತಾನೇ ತಿಳಿದುಕೊಂಡಳು. ಆಗ ಅವಳಿಗೆ 19. ತಮ್ಮನ ಹಾಸಿಗೆ ಪಕ್ಕ ಕೂತು ಓದಿದ್ದಂತೆ. ಮತ್ತೆ ಆರು ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. 2023ರಲ್ಲಿ ಮತ್ತೊಂದು ಸಂಬಂಧ ಬಂದಾಗ ಮಾವನ ಎದುರು ನಿಂತು ಹೇಳಿದಳು, "ಅಣ್ಣ, ತಮ್ಮ ಹೋದದ್ದು ಯಾವುದರಿಂದ ಅಂತ ನಾನು ಹೇಳಬಾರದು ಅಂದ್ರೆ, ಅವರು ನನಗೆ ಎಂತ ಆಗ್ಬೇಕು ಮಾವ?"

ಮಾವ ಉತ್ತರ ಕೊಡಲಿಲ್ಲ.

ಆಟಿಯ ರಾತ್ರಿ

ಆ ವರ್ಷದ ಆಟಿಯಲ್ಲಿ ಕುಟುಂಬದ ಮನೆಯಲ್ಲಿ ಸತ್ತವರಿಗೆ ಬಡಿಸುವ ದಿನ ಅಕ್ಕ ನನ್ನನ್ನೂ ಕರೆದಳು. ಇದು ತಾಯಿಯ ತವರು. ಅಳಿಯಕಟ್ಟಿನ ಕುಟುಂಬ, ಅಂದರೆ ವಂಶವನ್ನು ತಾಯಿಯ ಕಡೆಯಿಂದ ಲೆಕ್ಕ ಹಾಕುವವರು. ಆಸ್ತಿಯ ವಿಚಾರದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ತುಂಬಾ ಬದಲಾಗಿದೆ. ಆದರೆ ಬಳಿ ಈಗಲೂ ತಾಯಿಯಿಂದಲೇ ಬರುತ್ತದೆ, ದೈವದ ಮನೆಯೂ ತಾಯಿ ಕಡೆಯದ್ದೇ. ಹಾಗಾಗಿ ಇಲ್ಲಿ ಎಲೆ ಹಾಕುವುದು ತಾಯಿಯ ಕಡೆಯಿಂದ ಸೇರಿದವರಿಗೆ. ಮನೆಯ ಗಂಡಸಿನ ಮಕ್ಕಳು ಬೇರೆ ಬಳಿ, ಅವರಿಗೆ ಅವರ ತಾಯಿ ಮನೆ ಉಂಟು.

ಮಳೆ ಹಿಡಿದಿತ್ತು. ಆಟಿಯಲ್ಲಿ ದೋಣಿ ಇಳಿಯುವುದಿಲ್ಲ, ತಾಜಾ ಮೀನಿಲ್ಲ. ಕೋಳಿ ಸಾರು, ರೊಟ್ಟಿ, ಒಣಮೀನಿನ ಚಟ್ನಿ. ಒಳಗಿನ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ ಕುಡಿ ಬಾಳೆ ಎಲೆ. ಹಾಕುವವರು ಅಜ್ಜಿ, ಎಂಬತ್ತರ ಆಸುಪಾಸು. ಹಿರಿಯರಿಗೆಲ್ಲ ಸೇರಿಸಿ ಒಂದು ದೊಡ್ಡ ಎಲೆ. ಅದಾದ ಮೇಲೆ ಸ್ವಲ್ಪ ಜಾಗ ಬಿಟ್ಟು, ಮದುವೆಯಾಗದೆ ಹೋದವರಿಗೆ ಬೇರೆ ಬೇರೆ. ಒಬ್ಬೊಬ್ಬರ ಹೆಸರು ಹೇಳಿ, ನೀರು ಬಿಟ್ಟು, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತಾ ಹೋದರು.

ಮೊದಲನೆಯದು ಅಜ್ಜಿಯ ತಮ್ಮನಿಗೆ. ಹದಿನಾಲ್ಕಕ್ಕೆ ಹೋದವನು. "ಇವನಿಗೆ ಚಟ್ನಿ ಜಾಸ್ತಿ ಬೇಕು" ಅಂದರು. ನಾನು ಮೆಲ್ಲಗೆ ಕೇಳಿದೆ, ಅವರಿಗೆ ಎಂತ ಆಗಿತ್ತು ಅಜ್ಜಿ? ಅಜ್ಜಿ ಸೌಟು ಕೆಳಗಿಟ್ಟು, ಬಾಗಿ, ತಮ್ಮ ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಅಲ್ಲಿಂದ ತೊಡೆಗೆ ತಂದು ನಿಧಾನಕ್ಕೆ ನೇರ ಆದರು. "ಹೀಗೆ ಏಳ್ತಾ ಇದ್ದ ಮಗಾ. ಕಾಲು ಇಷ್ಟು ದಪ್ಪ. ಆಮೇಲೆ ಏಳಲೇ ಇಲ್ಲ. ಕೋಲ ನೋಡಲಿಕ್ಕೆ ಅಪ್ಪ ಎತ್ತಿಕೊಂಡು ಹೋಗ್ತಿದ್ದರು."

ಅರುವತ್ತು ವರ್ಷಕ್ಕೂ ಹಿಂದೆ ಕಂಡದ್ದನ್ನು ಅಜ್ಜಿ ಮೈಯಲ್ಲಿ ಮಾಡಿ ತೋರಿಸಿದರು. ನಾನು ಕಾಲೇಜಿನಲ್ಲಿ ಚಿತ್ರ ನೋಡಿ ಕಲಿತದ್ದು ಅದೇ.

ಎರಡನೇ ಎಲೆ ಅಜ್ಜಿಯ ತಂಗಿಯ ಮಗನಿಗೆ. ಪುಣೆಯಲ್ಲಿ ಹದಿನೇಳಕ್ಕೆ ಹೋದವನು, "ಅವನೂ ಹಾಗೇ." ಮೂರನೆಯದು ಚಿಕ್ಕಂದಿನಲ್ಲಿ ಭೇದಿಯಾಗಿ ಹೋದ ಒಬ್ಬ ಹುಡುಗಿಗೆ. ಅದು ಬೇರೆ. ಕೊನೆಯ ಎರಡು ಮೊಮ್ಮಕ್ಕಳಿಗೆ. ಬಾಗಿಲು ಸ್ವಲ್ಪ ಹೊತ್ತು ಮುಂದೆ ಮಾಡಿ ಎಲ್ಲರೂ ಹೊರಗೆ ಚಾವಡಿಯಲ್ಲಿ ಕೂತೆವು.

ಅಕ್ಕ ಗೋಡೆಯಿಂದ ಹಳೇ ಕ್ಯಾಲೆಂಡರ್ ಹಾಳೆ ಹರಿದು ತಂದಳು. ಅದರ ಹಿಂದೆ ಅಜ್ಜಿ ಹೇಳಿದ ಹಾಗೆ ಬರೆಯುತ್ತಾ ಹೋದೆವು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರ ಚೌಕಕ್ಕೆ ಬಣ್ಣ. ತೀರಿಕೊಂಡವರಿಗೆ ಅಡ್ಡ ಗೆರೆ. ವೈದ್ಯರು ವಂಶವೃಕ್ಷ ಬರೆಯುವ ಕ್ರಮ ಅದು. ಆಸ್ಪತ್ರೆಯಲ್ಲಿ ಇದನ್ನು ಬರೆಸಲು ಹೊರಟರೆ ಅರ್ಧ ಜನರಿಗೆ ಅಜ್ಜಿಯ ಒಡಹುಟ್ಟಿದವರ ಹೆಸರೇ ಗೊತ್ತಿರುವುದಿಲ್ಲ. ಇಲ್ಲಿ ಊಟದ ಹೊತ್ತಿಗೆ ಮುಗಿದಿತ್ತು. ಬಣ್ಣ ಹಾಕಿದ ನಾಲ್ಕೂ ಚೌಕ ಹೆಂಗಸರ ಗೆರೆಯ ತುದಿಗೇ ಬಂದು ಕೂತವು. ಎಕ್ಸ್ ಕ್ರೋಮೋಸೋಮ್ ಇಳಿದು ಬಂದ ದಾರಿಯೂ ಅಜ್ಜಿ ಎಲೆ ಹಾಕಿದ ದಾರಿಯೂ ಒಂದೇ ಆಗಿತ್ತು. ಡುಶೆನ್ ಬಂದ ಹುಡುಗರು ಮಕ್ಕಳಾಗುವ ಮೊದಲೇ ಹೋಗಿಬಿಡುತ್ತಿದ್ದರು. ಹಾಗಾಗಿ ಮುಂದಕ್ಕೆ ಸಾಗಿಸುವವರು ಹೆಂಗಸರು ಮಾತ್ರ. ತಾಯಿ ಗೆರೆಯನ್ನೇ ಲೆಕ್ಕ ಇಡುವ ಕುಟುಂಬ ಆ ಹುಡುಗರನ್ನೆಲ್ಲ ಜೋಪಾನವಾಗಿ ಲೆಕ್ಕ ಇಟ್ಟಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ.

ಅಜ್ಜಿ ಹಾಳೆಯನ್ನು ದೀಪದ ಹತ್ತಿರ ಹಿಡಿದು ನೋಡಿದರು. ತನ್ನ ವೃತ್ತ ಯಾವುದು ಅಂತ ಕೇಳಿ, ಅಲ್ಲಿಂದ ಕೆಳಗೆ ಇಳಿದ ಗೆರೆಯನ್ನು ಬೆರಳಲ್ಲಿ ಮುಟ್ಟಿ ಕೇಳಿದರು, "ನಾನು ಕೊಟ್ಟದ್ದಾ ಇದು?"

ಹತ್ತೊಂಬತ್ತು ವರ್ಷ ಆ ಪ್ರಶ್ನೆಯನ್ನು ತನಗೇ ಕೇಳಿಕೊಂಡ ತಾಯಿ ಪಕ್ಕದಲ್ಲೇ ಇದ್ದರು. ಅವರು ಹೇಳಿದರು, "ಅಮ್ಮ, ನಿನಗೂ ಯಾರೋ ಕೊಟ್ಟದ್ದೇ. ಯಾರೂ ಬೇಕೂಂತ ಕೊಡ್ಲಿಲ್ಲ." ಆ ಮಾತು ಅವರು ಅಜ್ಜಿಗೆ ಹೇಳಿದ್ದು, ತನಗೂ ಹೇಳಿಕೊಂಡದ್ದು ಅಂತ ನನಗೆ ಅನಿಸಿತು.

ಆಮೇಲೆ

ಅದೇ ಹಾಳೆ ಹಿಡಿದುಕೊಂಡು ತಾಯಿ, ಮಗಳು, ಮಾವ ಮೂವರೂ ಮಣಿಪಾಲಕ್ಕೆ ಹೋದರು. ಅಲ್ಲಿ ವೈದ್ಯಕೀಯ ಜೆನೆಟಿಕ್ಸ್ ವಿಭಾಗ ಇದೆ. ಚಿಕ್ಕವನ ಹಳೇ ರಿಪೋರ್ಟಿನಲ್ಲಿ 45ರಿಂದ 50ರವರೆಗಿನ ಎಕ್ಸಾನ್ ಕಾಣೆಯಾಗಿವೆ ಎಂದಿತ್ತು. ಈ ಕಾಯಿಲೆಯ ಬಹುಪಾಲು ಮಕ್ಕಳಲ್ಲಿ ಹೀಗೆ ಒಂದು ತುಂಡು ಹೋಗಿರುತ್ತದೆ. ಎಂಎಲ್‌ಪಿಎ ಎನ್ನುವ ಪರೀಕ್ಷೆಯಲ್ಲಿ ಅದು ಸಿಗುತ್ತದೆ. ಮಗನದ್ದು ಯಾವ ತುಂಡು ಎಂದು ಮೊದಲೇ ಗೊತ್ತಿದ್ದರೆ ಮನೆಯ ಹೆಂಗಸರ ಪರೀಕ್ಷೆ ಸುಲಭ, ಅದೊಂದನ್ನೇ ನೋಡಿದರಾಯಿತು. ಮಗ ಹೋದ ಮೇಲೆ ಫೈಲನ್ನು ಸುಡುವವರಿದ್ದಾರೆ, ಹೊಳೆಗೆ ಬಿಡುವವರಿದ್ದಾರೆ. ನೋವು ಅರ್ಥವಾಗುತ್ತದೆ. ಆದರೆ ಆ ರಿಪೋರ್ಟನ್ನು ದಯವಿಟ್ಟು ಇಟ್ಟುಕೊಳ್ಳಿ. ಇಲ್ಲಿ ತಾಯಿ ಸ್ಕೋರ್ ಪುಸ್ತಕಗಳ ಜೊತೆ ಕಟ್ಟಿ ಇಟ್ಟಿದ್ದರಿಂದ ಉಳಿದಿತ್ತು.

ಮಾವನಿಗೆ ಅಲ್ಲಿ ಸಿಕ್ಕಿದ ಮಾತು ಅವರು ಊಹಿಸದೇ ಇದ್ದದ್ದು. ಅವರಿಗೆ ಕಾಯಿಲೆ ಬರಲಿಲ್ಲ ಅಂದರೆ ಅವರ ಒಂದೇ ಎಕ್ಸ್ ಸರಿ ಇದೆ. ಅವರ ಹೆಣ್ಣುಮಕ್ಕಳಿಗೆ ಅವರಿಂದ ಹೋಗುವುದೂ ಅದೇ ಸರಿಯಾದದ್ದು. ಈ ಕುಟುಂಬದ ಡುಶೆನ್ ಆ ಇಬ್ಬರಿಗೆ ಹೋಗಲು ದಾರಿಯೇ ಇಲ್ಲ. ಇಷ್ಟು ವರ್ಷ ಅವರು ಹೆದರಿದ್ದು ಇಲ್ಲದ್ದಕ್ಕೆ. ಹೆಸರು ಹೇಳಿ ಕೇಳಿದ್ದರೆ ಇದು 2004ರಲ್ಲೇ ತಿಳಿಯುತ್ತಿತ್ತು.

ತಾಯಿ ವಾಹಕಿ ಅನ್ನುವುದು ಖಚಿತವಾಯಿತು. ವಾಹಕಿಯರಿಗೂ ಕೆಲವೊಮ್ಮೆ ಹೃದಯ ದುರ್ಬಲ ಆಗುತ್ತದೆ. ಆಗಾಗ ಎಕೋ ಮಾಡಿಸಬೇಕು. ತನಗಾಗಿ ಡಾಕ್ಟರ ಹತ್ತಿರ ಹೋಗಿದ್ದು ಅದೇ ಮೊದಲ ಸಲ ಅಂತ ಅವರು ಹೇಳಿದರು. ಮಗಳೂ ಪರೀಕ್ಷೆ ಮಾಡಿಸಿದಳು. ಅವಳ ರಿಪೋರ್ಟ್ ಏನು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳದ್ದು. ಬಂದ ಸಂಬಂಧದವರ ಹತ್ತಿರ ಅವಳೇ ಮಾತಾಡಿದಳು. ವಾಹಕಿಯಾದರೂ ಮದುವೆಗೆ, ಮಕ್ಕಳಿಗೆ ಅಡ್ಡಿಯಿಲ್ಲ. ಗರ್ಭಿಣಿಯಾದ 11-12 ವಾರದ ಹೊತ್ತಿಗೇ ಮಗುವಿಗೆ ಕಾಯಿಲೆ ಇದೆಯೇ ಎಂದು ನೋಡಬಹುದು. ಭ್ರೂಣದ ಲಿಂಗ ಹೇಳುವುದನ್ನು ತಡೆಯುವ 1994ರ ಕಾನೂನು, ಇಂಥ ಆನುವಂಶಿಕ ಕಾಯಿಲೆಯ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಕೇಳಲಿಕ್ಕೇ ಹೆದರುತ್ತಾರೆ.

ಕ್ಯಾಲೆಂಡರ್ ಹಾಳೆಯ ಫೋಟೋವನ್ನು ಅಕ್ಕ ಕುಟುಂಬದ ಹೆಂಗಸರಿಗೆಲ್ಲ ಕಳಿಸಿದಳು. ಜೊತೆಗೆ ನಾಲ್ಕು ಸಾಲು: ಕಾಯಿಲೆಯ ಹೆಸರು, ಕಾಣೆಯಾದ ಎಕ್ಸಾನ್ ನಂಬರು, ಮೊದಲು ಕಾಣುವ ಲಕ್ಷಣ, ಮಾಡಿಸಬೇಕಾದ ಪರೀಕ್ಷೆ. ಮುಂಬೈಯಲ್ಲಿರುವ ದೊಡ್ಡಮ್ಮನ ಮಗಳು ಮರುದಿನ ಬೆಳಿಗ್ಗೆ ಫೋನ್ ಮಾಡಿದಳು. ಅವಳ ಮಗನಿಗೆ ನಾಲ್ಕು ವರ್ಷ. ಎಸ್‌ಜಿಪಿಟಿ ಜಾಸ್ತಿ ಅಂತ ಲಿವರ್ ಡಾಕ್ಟರಿಗೆ ತೋರಿಸುತ್ತಿದ್ದರು.

ಆ ಮಗುವಿಗೂ ಡುಶೆನ್. ಅದೇ 45ರಿಂದ 50.

ಸುದ್ದಿ ಒಳ್ಳೆಯದಲ್ಲ, ಗೊತ್ತು. ಆದರೂ ಅವನಿಗೆ ಸಿಗುತ್ತಿರುವುದನ್ನು ನೋಡಿ. ಐದು ತುಂಬುವ ಮೊದಲೇ ಸ್ಟೆರಾಯ್ಡ್. ಹಿಮ್ಮಡಿ ಸೆಟೆಯದ ಹಾಗೆ ದಿನಾ ಕಾಲು ಎಳೆಸುವ ವ್ಯಾಯಾಮ. ವರ್ಷ ವರ್ಷ ಹೃದಯದ ಪರೀಕ್ಷೆ, ಹತ್ತರ ಹೊತ್ತಿಗೆ ಹೃದಯದ ಔಷಧಿ. ಏನಾದರೂ ಆಪರೇಷನ್ ಆಗಬೇಕಾದರೆ ಸಕ್ಸಿನೈಲ್‌ಕೋಲಿನ್ (ಅರಿವಳಿಕೆಯ ಹೊತ್ತಿಗೆ ಸ್ನಾಯು ಸಡಿಲಿಸುವ ಮದ್ದು) ಕೊಡಬಾರದು ಅಂತ ಫೈಲಿನ ಮೇಲೆ ಕೆಂಪಿನಲ್ಲಿ ಬರೆದಿದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ, ಹಾಗಾಗಿ ಯುಡಿಐಡಿ ಎನ್ನುವ ಅಂಗವಿಕಲರ ಗುರುತಿನ ಕಾರ್ಡ್. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲೂ ಡುಶೆನ್ ಸೇರಿದೆ, ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶ ಇದೆ. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ಅಂಥ ಕೇಂದ್ರ ಉಂಟು. ಅವನ ಜೀನಿನಲ್ಲಿ ಹೋದ ತುಂಡಿಗೆ ಹೊಂದುವ ಔಷಧಿಗೆ, ಅಂದರೆ 51ನೇ ಎಕ್ಸಾನನ್ನು ಹಾರಿಸಿ ಓದಿಸುವಂಥದ್ದಕ್ಕೆ, 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ, ಗುಣವೂ ಸೀಮಿತ. ಅದನ್ನು ನಂಬಿ ಕೂರಬೇಡಿ ಅಂತ ಅವನ ತಾಯಿಗೆ ನಾನೂ ಹೇಳಿದ್ದೇನೆ. ಆದರೆ ಬಿಡದೆ ಮಾಡುವ ಸಾದಾ ಆರೈಕೆಯಿಂದಲೇ ಹುಡುಗರು ಈಗ ಇಪ್ಪತ್ತು ದಾಟಿ ಮೂವತ್ತರವರೆಗೂ ಬದುಕುತ್ತಿದ್ದಾರೆ.

ಕಳೆದ ಸುಗ್ಗಿಯ ನಂತರ ಯುವಕ ಮಂಡಲದವರು ಚಿಕ್ಕವನ ಹೆಸರಲ್ಲಿ ಟೂರ್ನಮೆಂಟ್ ಇಟ್ಟರು. ಬ್ಯಾನರಿಗೆ ಏನು ಬರೆಯುವುದು ಅಂತ ಮನೆಗೆ ಬಂದು ಕೇಳಿದಾಗ "ಅಕಾಲಿಕ ಮರಣ ಹೊಂದಿದ" ಅಂತ ಹಾಕಿ ಅಂದದ್ದು ತಂದೆ. ತಾಯಿ ಬೇಡ ಅಂದರು. ಚೀಟಿಯಲ್ಲಿ ಅವರೇ ಬರೆದುಕೊಟ್ಟರು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಿಂದ ತೀರಿಕೊಂಡ ನಮ್ಮ ಸ್ಕೋರರ್. ಕೆಳಗೆ ದೊಡ್ಡವನ ಹೆಸರನ್ನೂ ಸೇರಿಸಿದರು, ಅವನು ಬ್ಯಾಟ್ ಹಿಡಿದವನಲ್ಲದಿದ್ದರೂ. ಅನೌನ್ಸ್ ಮಾಡುವ ಹುಡುಗನಿಗೆ ಆ ಹೆಸರು ನಾಲಿಗೆಗೆ ಸಿಗಲಿಲ್ಲ. ಎರಡು ಸಲ ತಡವರಿಸಿದ. ಮೂರನೇ ಸಲ ಮೈಕಿನಲ್ಲಿ ಸರಿಯಾಗಿ ಹೇಳಿದ. ಸ್ಕೋರ್ ಬರೆದದ್ದು ಮೊದಲು ಪುಸ್ತಕ ಎಳೆಯುತ್ತಿದ್ದವನೇ. ಮಾವ ಮೊದಲ ದಿನ ಬರಲಿಲ್ಲ. ಫೈನಲ್ ದಿನ ಬಂದು ಬಹುಮಾನ ಕೊಡುವವರೆಗೂ ಕೂತರು.

ಎಲ್ಲ ಸರಿಹೋಯಿತು ಅಂತಲ್ಲ. ತಂದೆಯ ಕಡೆಯ ಕೆಲವರು ಈಗಲೂ ತಾಯಿಯನ್ನು ಮಾತಾಡಿಸುವುದಿಲ್ಲ. ಕುಲೆ ಮದುವೆಯ ಹೆಣ್ಣಿನ ಕಡೆಯವರಿಗೆ ನಿಜ ಹೇಳಬೇಕು ಅಂತ ತಾಯಿ ಅನ್ನುತ್ತಾರೆ, ಮಾವ ಇನ್ನೂ ಒಪ್ಪಿಲ್ಲ. ಹಾಳೆಯಲ್ಲಿ ಒಂದು ಕವಲು ಖಾಲಿ ಉಳಿದಿದೆ. ಪುಣೆಯ ಹುಡುಗನಿಗೆ ಇಬ್ಬರು ಅಕ್ಕಂದಿರು ಇದ್ದರಂತೆ. ಅವರು ಮದುವೆಯಾಗಿ ಹೋದ ಮೇಲೆ ಈ ಕಡೆ ಬರುವುದು ತಪ್ಪಿತು. ಅವರಿಗೆ ಹೆಣ್ಣುಮಕ್ಕಳಿದ್ದಾರೋ, ಮೊಮ್ಮಕ್ಕಳಿದ್ದಾರೋ ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಿರಿಯವಳ ಗಂಡನಿಗೆ ಅಲ್ಲಿ ಹೋಟೆಲ್ ಇತ್ತು ಅಂತ ಅಜ್ಜಿಗೆ ನೆನಪು. ಮಾವ ಈಗ ಪುಣೆಯಲ್ಲಿರುವ ಊರಿನವರಿಗೆಲ್ಲ ಫೋನ್ ಮಾಡಿ ಆ ಹೋಟೆಲ್ ಯಾವುದು ಅಂತ ವಿಚಾರಿಸುತ್ತಿದ್ದಾರೆ.